ಕೈಯಾರೆ ಕಟ್ಟಿದ ಲಿನಕ್ಸ್ ಬೂಟ್ ಆಗುತ್ತಿಲ್ಲವೇ? ಕೊನೆಗೆ ಮಾತಾಡಿದ್ದು ಯಾರು ಅಂತ ಮೊದಲು ನೋಡಿ

ಕಂಪೈಲರ್‌ನಿಂದ ಶುರು ಮಾಡಿ, ಒಂದೊಂದೇ ಪ್ಯಾಕೇಜ್ ಮೂಲ ಕೋಡ್‌ನಿಂದ ಕಟ್ಟಿ, ಕೊನೆಗೆ ಸಿಸ್ಟಮ್‌ನ ತಿರುಳಾದ ಕರ್ನಲ್ ಕಂಪೈಲ್ ಮಾಡಿ, ಅದನ್ನು ಎಬ್ಬಿಸುವ ಬೂಟ್‌ಲೋಡರ್ ಗ್ರಬ್ ಹಾಕಿ, ಉಸಿರು ಬಿಗಿಹಿಡಿದು ರೀಬೂಟ್ ಕೊಟ್ಟಿರುತ್ತೀರಿ. ಪರದೆ ತುಂಬಾ ಅಕ್ಷರ ಓಡುತ್ತದೆ. ಆಮೇಲೆ ‘ಕರ್ನಲ್ ಪ್ಯಾನಿಕ್’ ಅಂತ ಬಂದು ಎಲ್ಲ ನಿಂತುಬಿಡುತ್ತದೆ. ಅಷ್ಟು ದಿನದ ಕೆಲಸ ನೀರಲ್ಲಿ ಹೋಯಿತೇನೋ ಅನ್ನಿಸುತ್ತದೆ, ಅಲ್ವಾ?

ಹೋಗಿರುವುದಿಲ್ಲ. ನೀವು ಕಟ್ಟಿದ್ದೆಲ್ಲ ಡಿಸ್ಕ್ ಮೇಲೆ ಹಾಗೇ ಇದೆ. ಬಹುತೇಕ ಸಲ ತಪ್ಪಿರುವುದು ಒಂದು ಸಾಲು, ಒಂದು ಆಯ್ಕೆ, ಇಲ್ಲ ಒಂದು ಫೈಲ್ ಇರಬೇಕಾದ ಜಾಗ. ‘ಮತ್ತೆ ಮೊದಲಿಂದ ಕಟ್ಟೋಣ’ ಅಂತ ಮಾತ್ರ ಹೊರಡಬೇಡಿ. ತಪ್ಪು ಎಲ್ಲಿದೆ ಅಂತ ಗೊತ್ತಿಲ್ಲದೆ ಮತ್ತೆ ಕಟ್ಟಿದರೆ ಅದೇ ತಪ್ಪನ್ನು ಇನ್ನೊಂದು ಸಲ ಕಟ್ಟುತ್ತೀರಿ, ಅಷ್ಟೇ.

ನಾನೂ ಹೀಗೆ ಸುಮ್ನೆ ನಾಲ್ಕು ಸಲ ಕರ್ನಲ್ ಕಂಪೈಲ್ ಮಾಡಿದ್ದೇನೆ. ಆ ಕತೆ ಮುಂದೆ ಬರುತ್ತದೆ. ಈಗ ನಾನು ಕೈ ಹಾಕುವ ಕ್ರಮ ಹೇಳುತ್ತೇನೆ.

ಎಲ್ಲಿ ನಿಂತಿತು?

ಬೂಟ್ ಅನ್ನುವುದು ಒಂದೇ ಕೆಲಸ ಅಲ್ಲ. ಒಬ್ಬರು ಇನ್ನೊಬ್ಬರಿಗೆ ಕೈ ದಾಟಿಸುವ ಕೆಲಸ. ಯಂತ್ರದ ಫರ್ಮ್‌ವೇರ್ ಆದ ಬಯೋಸ್ ಅಥವಾ ಯುಇಎಫ್‌ಐ ಮೊದಲು ಏಳುತ್ತದೆ, ಅದು ಗ್ರಬ್ ಅನ್ನು ಹುಡುಕುತ್ತದೆ. ಗ್ರಬ್ ಕರ್ನಲ್ ಫೈಲನ್ನು ಮೆಮೊರಿಗೆ ತರುತ್ತದೆ. ಕರ್ನಲ್ ಡಿಸ್ಕ್ ಹುಡುಕಿ ರೂಟ್ ಪಾರ್ಟಿಷನ್ ಮೌಂಟ್ ಮಾಡುತ್ತದೆ. ಆಮೇಲೆ ಮೊದಲ ಪ್ರೋಗ್ರಾಮ್ ಆದ ಇನಿಟ್ ಅನ್ನು ಓಡಿಸುತ್ತದೆ. ಇನಿಟ್ ಉಳಿದ ಸ್ಕ್ರಿಪ್ಟ್‌ಗಳನ್ನೆಲ್ಲ ಓಡಿಸಿ ಕೊನೆಗೆ ಲಾಗಿನ್ ಕೊಡುತ್ತದೆ. ಇಷ್ಟರಲ್ಲಿ ಕೊನೆಗೆ ಮಾತಾಡಿದ್ದು ಯಾರು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಕರ್ನಲ್‌ನ ಒಂದೇ ಒಂದು ಸಾಲು ಪರದೆಗೆ ಬಂದಿದ್ದರೂ ಗ್ರಬ್ ತನ್ನ ಪಾಲಿನ ಕೆಲಸ ಮುಗಿಸಿದೆ ಅಂತಲೇ ಅರ್ಥ, ಮತ್ತೆ ಗ್ರಬ್ ಇನ್‌ಸ್ಟಾಲ್ ಮಾಡಿ ಪ್ರಯೋಜನ ಇಲ್ಲ.

ಕರ್ನಲ್ ಮಾತಾಡುವಾಗ ಎರಡು ಸಾಲುಗಳನ್ನು ಕಣ್ಣಿಟ್ಟು ಹುಡುಕಿ. ಒಂದು, ‘ವಿಎಫ್‌ಎಸ್: ಮೌಂಟೆಡ್ ರೂಟ್’ ಅಂತ ಶುರುವಾಗುವುದು. ಇನ್ನೊಂದು, ‘ರನ್ /ಎಸ್‌ಬಿನ್/ಇನಿಟ್ ಆ್ಯಸ್ ಇನಿಟ್ ಪ್ರೋಸೆಸ್’ ಅನ್ನುವುದು. ಮೊದಲನೆಯದು ಬಂದಿಲ್ಲ ಅಂದರೆ ಡಿಸ್ಕ್, ಡ್ರೈವರ್ ಅಥವಾ ರೂಟ್ ಹೆಸರಿನ ತಕರಾರು. ಎರಡನೆಯದೂ ಬಂದು ಆಮೇಲೆ ನಿಂತಿದ್ದರೆ ಕರ್ನಲ್‌ನ ಪಾಲಿನ ಕೆಲಸ ಹೆಚ್ಚು ಕಡಿಮೆ ಮುಗಿದಿದೆ, ನೋಡಬೇಕಾದ್ದು ನೀವು ಕಟ್ಟಿದ ಮೂಲ ಸಿ ಲೈಬ್ರರಿ ಆದ ಗ್ಲಿಬ್‌ಸಿ, ಇನಿಟ್ ಮತ್ತು ಸೆಟ್ಟಿಂಗ್ ಫೈಲ್‌ಗಳನ್ನು.

ಆ ಸಾಲುಗಳು ಕಾಣಬೇಕಾದರೆ ಕರ್ನಲ್ ಬಾಯಿ ಬಿಡಬೇಕು. ಗ್ರಬ್ ಮೆನು ಬಂದಾಗ ‘ಇ’ ಕೀ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನಲ್ಲಿ ‘ಕ್ವೈಟ್’ ಇದ್ದರೆ ಅಳಿಸಿ, ಕೊನೆಗೆ ‘ಇಗ್ನೋರ್_ಲಾಗ್‌ಲೆವೆಲ್’ ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ, ಫೈಲ್ ಹಾಳಾಗುವುದಿಲ್ಲ. ಮೊದಲಾದರೆ ಶಿಫ್ಟ್ ಮತ್ತು ಪೇಜ್ ಅಪ್ ಒತ್ತಿ ಹಿಂದಿನ ಸಾಲುಗಳನ್ನು ನೋಡಬಹುದಿತ್ತು. 2020ರ 5.9 ಕರ್ನಲ್‌ನಿಂದ ಆ ಸೌಲಭ್ಯವನ್ನೇ ತೆಗೆದುಹಾಕಿದ್ದಾರೆ. ಹೇಗೂ ಪ್ಯಾನಿಕ್ ಆದಮೇಲೆ ಕೀಬೋರ್ಡ್ ಕೆಲಸ ಮಾಡುವುದಿಲ್ಲ. ಅದಕ್ಕೆ ನಾನು ಮಾಡುವ ಉಪಾಯ, ಫೋನ್‌ನಲ್ಲಿ ಪೂರ್ತಿ ಬೂಟ್ ಅನ್ನು ವಿಡಿಯೋ ಮಾಡಿ ಆಮೇಲೆ ನಿಧಾನಕ್ಕೆ ಒಂದೊಂದೇ ಫ್ರೇಮ್ ನೋಡುವುದು. ಪ್ಯಾನಿಕ್ ಸಂದೇಶಕ್ಕಿಂತ ಅದರ ಮೇಲಿನ ಹತ್ತು ಸಾಲುಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಒಳಗೆ ಹೋಗುವ ದಾರಿ

ಯಾವುದಾದರೂ ಲೈವ್ ಯುಎಸ್‌ಬಿ ಒಂದು ಕೈಯಲ್ಲಿರಲಿ. ಅಥವಾ ನೀವು ಕಟ್ಟಲು ಬಳಸಿದ ಹೋಸ್ಟ್ ಸಿಸ್ಟಮ್ ಅದೇ ಯಂತ್ರದಲ್ಲಿದ್ದರೆ ಅದೇ ಸಾಕು. ಅಲ್ಲಿಂದ ನಿಮ್ಮ ರೂಟ್ ಪಾರ್ಟಿಷನ್ ಅನ್ನು ಒಂದು ಡೈರೆಕ್ಟರಿಗೆ ಮೌಂಟ್ ಮಾಡಿ. ಬೂಟ್ ಪಾರ್ಟಿಷನ್ ಬೇರೆ ಇದ್ದರೆ ಅದನ್ನೂ ಅದರ ಜಾಗದಲ್ಲಿ ಮೌಂಟ್ ಮಾಡಿ. ಡೆವ್, ಪ್ರಾಕ್, ಸಿಸ್, ರನ್ ನಾಲ್ಕನ್ನೂ ಬೈಂಡ್ ಮಾಡಿ ಆಮೇಲೆ ಸಿಎಚ್‌ರೂಟ್ ಆಗಿ, ಅಂದರೆ ಆ ಡೈರೆಕ್ಟರಿಯನ್ನೇ ರೂಟ್ ಮಾಡಿಕೊಂಡು ನಿಮ್ಮ ಸಿಸ್ಟಮ್ ಒಳಗೆ ಹೋಗಿ.

ಈ ಸಿಎಚ್‌ರೂಟ್ ಕೂಡ ಒಂದು ಪರೀಕ್ಷೆಯೇ. ಒಳಗೆ ಬ್ಯಾಷ್ ಸರಿಯಾಗಿ ಓಡಿತು ಅಂದರೆ ನಿಮ್ಮ ಗ್ಲಿಬ್‌ಸಿ, ಲಿಂಕರ್, ಶೆಲ್ ಮೂರೂ ಬದುಕಿವೆ. ಓಡಲಿಲ್ಲ ಅಂದರೆ ಕರ್ನಲ್ ಅನ್ನು ಬೈದು ಪ್ರಯೋಜನ ಇಲ್ಲ, ತಪ್ಪು ಅದಕ್ಕಿಂತ ಮೊದಲೇ ಆಗಿದೆ.

ಗ್ರಬ್ ಹತ್ತಿರವೇ ನಿಂತರೆ

ಗ್ರಬ್ ಎರಡು ಥರ ನಿಲ್ಲುತ್ತದೆ. ಸುಮ್ನೆ ‘ಗ್ರಬ್>’ ಅಂತ ಬಂದರೆ ಗ್ರಬ್ ತನ್ನ ಮಾಡ್ಯೂಲ್‌ಗಳನ್ನೆಲ್ಲ ಹುಡುಕಿಕೊಂಡಿದೆ, ಮೆನು ಫೈಲ್ ಮಾತ್ರ ಸಿಕ್ಕಿಲ್ಲ ಅಂತ. ‘ಗ್ರಬ್ ರೆಸ್ಕ್ಯೂ>’ ಅಂತ ಬಂದರೆ ತನ್ನ ಮಾಡ್ಯೂಲ್‌ಗಳಿರುವ ಡೈರೆಕ್ಟರಿಯೇ ಅದಕ್ಕೆ ಸಿಕ್ಕಿಲ್ಲ. ರೆಸ್ಕ್ಯೂನಲ್ಲಿ ಇರುವ ಆಜ್ಞೆಗಳು ಬೆರಳೆಣಿಕೆಯಷ್ಟು. ‘ಎಲ್‌ಎಸ್’ ಅಂತ ಟೈಪ್ ಮಾಡಿದರೆ ಡಿಸ್ಕ್ ಮತ್ತು ಪಾರ್ಟಿಷನ್ ಪಟ್ಟಿ ಕೊಡುತ್ತದೆ. ಒಂದೊಂದನ್ನೂ ತೆರೆದು ನೋಡಿ, ನಿಮ್ಮ ಬೂಟ್ ಡೈರೆಕ್ಟರಿ ಎಲ್ಲಿದೆ ಅಂತ ಹುಡುಕಿ. ಅದು ಮೊದಲ ಡಿಸ್ಕ್‌ನ ಎರಡನೇ ಪಾರ್ಟಿಷನ್‌ನಲ್ಲಿ ಸಿಕ್ಕಿತು ಅಂತಿಟ್ಟುಕೊಂಡರೆ ಹೀಗೆ:

ಸೆಟ್ ರೂಟ್=(ಎಚ್‌ಡಿ0,ಜಿಪಿಟಿ2)
ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಗ್ರಬ್ 2ರಲ್ಲಿ ಡಿಸ್ಕ್ ಎಣಿಕೆ 0ಯಿಂದ ಶುರು, ಪಾರ್ಟಿಷನ್ ಎಣಿಕೆ 1ರಿಂದ ಶುರು. ಹಳೇ ಗ್ರಬ್‌ನಲ್ಲಿ ಎರಡೂ 0ಯಿಂದ ಇದ್ದವು. ಹಳೇ ಬರಹ ನೋಡಿ ಟೈಪ್ ಮಾಡಿದರೆ ಪಕ್ಕದ ಪಾರ್ಟಿಷನ್‌ಗೆ ಹೋಗಿ ಬೀಳುತ್ತೀರಿ. ಯುಎಸ್‌ಬಿ ಚುಚ್ಚಿಟ್ಟಿದ್ದರೆ ಡಿಸ್ಕ್ ಸಂಖ್ಯೆ ಬದಲಾಗಬಹುದು ಅನ್ನುವುದೂ ನೆನಪಿರಲಿ. ಅದಕ್ಕೇ ಮೆನು ಫೈಲ್‌ನಲ್ಲಿ ಡಿಸ್ಕ್ ಸಂಖ್ಯೆ ಬರೆಯುವುದಕ್ಕಿಂತ ‘ಸರ್ಚ್’ ಆಜ್ಞೆ ಹಾಕಿ ಫೈಲ್‌ಸಿಸ್ಟಮ್‌ನ ಯುಯುಐಡಿ (ಅದರ ವಿಶಿಷ್ಟ ಗುರುತಿನ ಸಂಖ್ಯೆ) ಕೊಡುವುದು ಒಳ್ಳೆಯದು.

‘ಫೈಲ್ ನಾಟ್ ಫೌಂಡ್’ ಅಂತ ಬಂದರೆ ಮುಕ್ಕಾಲು ಪಾಲು ಪಾತ್ ತಪ್ಪಿರುತ್ತದೆ. ಬೂಟ್ ಬೇರೆ ಪಾರ್ಟಿಷನ್ ಆಗಿದ್ದರೆ ಗ್ರಬ್ ಕಣ್ಣಿಗೆ ಆ ಪಾರ್ಟಿಷನ್ನೇ ಬೇರು. ಅಲ್ಲಿ ಕರ್ನಲ್ ಇರುವುದು /ವಿಎಂಲಿನಜ್ ಅಂತ, /ಬೂಟ್/ವಿಎಂಲಿನಜ್ ಅಂತ ಅಲ್ಲ. ಸಿಎಚ್‌ರೂಟ್ ಒಳಗೆ ಕೂತು ಬರೆಯುವಾಗ ನಮ್ಮ ಕಣ್ಣಿಗೆ /ಬೂಟ್ ಕಾಣುತ್ತಿರುತ್ತದೆ, ಹಾಗೇ ಬರೆದುಬಿಡುತ್ತೇವೆ. ‘ಸಿಂಬಲ್ ನಾಟ್ ಫೌಂಡ್’ ಅಂದರೆ ಡಿಸ್ಕ್ ಶುರುವಿನಲ್ಲಿರುವ ಗ್ರಬ್ ಒಂದು ಆವೃತ್ತಿ, ಡೈರೆಕ್ಟರಿಯಲ್ಲಿರುವ ಮಾಡ್ಯೂಲ್‌ಗಳು ಇನ್ನೊಂದು ಆವೃತ್ತಿ. ಆಗ ಮಾತ್ರ ಗ್ರಬ್-ಇನ್‌ಸ್ಟಾಲ್ ಮತ್ತೆ ಓಡಿಸಿ.

ಇನ್ನೊಂದು ತಕರಾರು ತುಂಬಾ ಜನರ ತಲೆ ಕೆಡಿಸಿದೆ. ಎಲ್ಲ ಸರಿ ಇದ್ದರೂ ಗ್ರಬ್ ‘ಅನ್‌ನೋನ್ ಫೈಲ್‌ಸಿಸ್ಟಮ್’ ಅನ್ನುತ್ತದೆ, ಲೈವ್ ಯುಎಸ್‌ಬಿಯಿಂದ ನೋಡಿದರೆ ಅದೇ ಪಾರ್ಟಿಷನ್ ಚೆನ್ನಾಗಿ ಮೌಂಟ್ ಆಗುತ್ತದೆ. ಕಾರಣ ಹೀಗೆ. 2023ರಲ್ಲಿ ಬಂದ ಇ2ಎಫ್‌ಎಸ್‌ಪ್ರಾಗ್ಸ್ 1.47.0, ಎಕ್ಸ್ಟ್4 ಫಾರ್ಮ್ಯಾಟ್ ಮಾಡುವಾಗ ‘ಮೆಟಾಡೇಟಾ_ಸಿಸಮ್_ಸೀಡ್’ ಅನ್ನುವ ಗುಣವನ್ನು ತಾನಾಗಿಯೇ ಸೇರಿಸಲು ಶುರು ಮಾಡಿತು. 2021ರ ಗ್ರಬ್ 2.06ಕ್ಕೆ ಅದು ಗೊತ್ತಿಲ್ಲ. ನಿಮ್ಮ ಹೋಸ್ಟ್ ಹೊಸದು, ನೀವು ಕಟ್ಟಿದ ಗ್ರಬ್ ಹಳೆಯದು ಆದಾಗ ಹೀಗಾಗುತ್ತದೆ. ಗ್ರಬ್ 2.12 ಹಾಕಿದರೆ ಸರಿಹೋಗುತ್ತದೆ. ಇಲ್ಲವಾದರೆ ಲೈವ್ ಯುಎಸ್‌ಬಿಯಿಂದ, ಪಾರ್ಟಿಷನ್ ಮೌಂಟ್ ಆಗದೆ ಇರುವಾಗ, ಟ್ಯೂನ್2ಎಫ್‌ಎಸ್ ಬಳಸಿ ಆ ಒಂದು ಗುಣ ತೆಗೆಯಿರಿ:

ಟ್ಯೂನ್2ಎಫ್‌ಎಸ್ -ಓ ^ಮೆಟಾಡೇಟಾ_ಸಿಸಮ್_ಸೀಡ್ /ಡೆವ್/ಎಸ್‌ಡಿಎ2

‘-ಓ’ ದೊಡ್ಡಕ್ಷರ. ಡೇಟಾ ಹೋಗುವುದಿಲ್ಲ.

ಗ್ರಬ್ ಪರದೆಗೇ ಬರದೆ ಯಂತ್ರ ನೇರ ಬಯೋಸ್‌ಗೆ ವಾಪಸ್ ಹೋದರೆ ಎರಡು ವಿಷಯ ನೋಡಿ. ಹಳೇ ಬಯೋಸ್ ರೀತಿ ಬೂಟ್ ಮಾಡುತ್ತಿದ್ದು ಡಿಸ್ಕ್‌ನ ಪಾರ್ಟಿಷನ್ ಪಟ್ಟಿ ಜಿಪಿಟಿ ಥರದ್ದಾಗಿದ್ದರೆ ಗ್ರಬ್‌ಗೆ ಕೂರಲು ಸುಮಾರು 1 ಎಂಬಿಯ ಬಯೋಸ್ ಬೂಟ್ ಪಾರ್ಟಿಷನ್ ಬೇಕು. ಜಿಡಿಸ್ಕ್‌ನಲ್ಲಿ ಅದರ ಸಂಕೇತ ಇಎಫ್02. ಯುಇಎಫ್‌ಐ ಆಗಿದ್ದರೆ ನೀವು ಕಟ್ಟಿದ ಗ್ರಬ್ ಯಾವ ಥರದ್ದು ಅಂತ ನೋಡಿ, ಏಕೆಂದರೆ ಕಾನ್ಫಿಗರ್ ಮಾಡುವಾಗ ಏನೂ ಹೇಳದಿದ್ದರೆ ಸಾಮಾನ್ಯ ಪಿಸಿಯಲ್ಲಿ ಅದು ಬಯೋಸ್ ಗ್ರಬ್ ಆಗಿಯೇ ಹುಟ್ಟುತ್ತದೆ, ಯುಇಎಫ್‌ಐಗೆ ಬೇಕಾದದ್ದನ್ನು ಬೇರೆ ಕಟ್ಟಬೇಕು. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ನಿಮ್ಮ ಗ್ರಬ್ ಅನ್ನು ಯಂತ್ರ ಒಳಗೇ ಬಿಡುವುದಿಲ್ಲ. ಆಫ್ ಮಾಡಿ ನೋಡಿ. ಕೆಲವು ಯಂತ್ರಗಳು ಬೂಟ್ ಪಟ್ಟಿಯನ್ನು ಮರೆತುಬಿಡುತ್ತವೆ. ಅಲ್ಲಿ ಗ್ರಬ್-ಇನ್‌ಸ್ಟಾಲ್‌ಗೆ ‘--ರಿಮೂವಬಲ್’ ಸೇರಿಸಿದರೆ ಅದು ಇಎಫ್‌ಐ/ಬೂಟ್/ಬೂಟ್‌ಎಕ್ಸ್64.ಇಎಫ್‌ಐ ಅನ್ನುವ ಹೆಸರಲ್ಲಿ ಕೂರುತ್ತದೆ. ಬೇರೇನೂ ಸಿಗದಾಗ ಯಂತ್ರ ಹುಡುಕುವುದು ಆ ಹೆಸರನ್ನೇ.

‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’

ಕೈಯಾರೆ ಕಟ್ಟಿದವರಿಗೆ ಬರುವ ಕಷ್ಟಗಳಲ್ಲಿ ದೊಡ್ಡ ಪಾಲು ಇದೇ. ಪೂರ್ತಿ ಸಂದೇಶ ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’ ಅಂತ ಇರುತ್ತದೆ. ಎಲ್ಲರೂ ‘ಪ್ಯಾನಿಕ್’ ಅನ್ನುವ ಪದ ನೋಡಿ ಹೆದರುತ್ತಾರೆ. ನೋಡಬೇಕಾದ್ದು ಕೊನೆಯಲ್ಲಿರುವ ಆ ಎರಡು ಸಂಖ್ಯೆ.

(0,0) ಅಂದರೆ ನೀವು ಹೇಳಿದ ಹೆಸರಿನ ಸಾಧನ ಯಾವುದು ಅಂತಲೇ ಕರ್ನಲ್‌ಗೆ ಗೊತ್ತಾಗಿಲ್ಲ. ಒಂದೋ ಡಿಸ್ಕ್‌ನ ಡ್ರೈವರ್ ಇಲ್ಲ, ಇಲ್ಲವೇ ಹೆಸರು ತಪ್ಪು. ಸಂಖ್ಯೆ (8,2) ಅಂತಲೋ (259,2) ಅಂತಲೋ ಇದ್ದರೆ ಡಿಸ್ಕ್ ಸಿಕ್ಕಿದೆ, ಪಾರ್ಟಿಷನ್ನೂ ಸಿಕ್ಕಿದೆ. 8 ಅಂದರೆ ಎಸ್‌ಡಿಎ ಥರದ ಡಿಸ್ಕ್, (8,2) ಅಂದರೆ ಎಸ್‌ಡಿಎ2. 259 ಸಾಮಾನ್ಯವಾಗಿ ಎನ್‌ವಿಎಂಇ. ಆಗ ಕೊರತೆ ಇರುವುದು ಫೈಲ್‌ಸಿಸ್ಟಮ್ ಓದುವುದರಲ್ಲಿ, ಅಥವಾ ನೀವು ತಪ್ಪಿ ಬೇರೆ ಪಾರ್ಟಿಷನ್ ತೋರಿಸಿದ್ದೀರಿ. ‘ನೋ ಫೈಲ್‌ಸಿಸ್ಟಮ್ ಕುಡ್ ಮೌಂಟ್ ರೂಟ್, ಟ್ರೈಡ್’ ಅಂತ ಒಂದು ಸಾಲು ಬಂದು ಅದರ ಮುಂದೆ ಕರ್ನಲ್ ಪ್ರಯತ್ನಿಸಿದ ಫೈಲ್‌ಸಿಸ್ಟಮ್‌ಗಳ ಹೆಸರಿರುತ್ತದೆ. ಆ ಪಟ್ಟಿಯಲ್ಲಿ ಎಕ್ಸ್ಟ್4 ಇಲ್ಲ ಅಂದರೆ ಉತ್ತರ ಅಲ್ಲೇ ಸಿಕ್ಕಿತು.

ಇದರ ಮೇಲೆ ಕರ್ನಲ್ ಇನ್ನೊಂದು ಉಪಕಾರ ಮಾಡಿರುತ್ತದೆ. ‘ಹಿಯರ್ ಆರ್ ದ ಅವೈಲಬಲ್ ಪಾರ್ಟಿಷನ್ಸ್’ ಅಂತ ಹೇಳಿ ತನಗೆ ಕಂಡ ಪಾರ್ಟಿಷನ್‌ಗಳನ್ನೆಲ್ಲ ಬರೆದಿರುತ್ತದೆ. ವಿಡಿಯೋದಲ್ಲಿ ಆ ಜಾಗ ಹುಡುಕಿ. ಪಟ್ಟಿ ಪೂರ್ತಿ ಖಾಲಿ ಇದ್ದರೆ ಡಿಸ್ಕ್ ಕಂಟ್ರೋಲರ್‌ನ ಡ್ರೈವರ್ ಇಲ್ಲ. ಡಿಸ್ಕ್ ಇದೆ, ಅದರೊಳಗಿನ ಪಾರ್ಟಿಷನ್‌ಗಳು ಇಲ್ಲ ಅಂದರೆ ಜಿಪಿಟಿ ಓದುವ ಬೆಂಬಲ ಕರ್ನಲ್‌ನಲ್ಲಿ ಬಿಟ್ಟುಹೋಗಿದೆ, ಕರ್ನಲ್ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್‌ನಲ್ಲಿ ಪಾರ್ಟಿಷನ್ ಟೈಪ್ಸ್ ಒಳಗೆ ಇಎಫ್‌ಐ ಜಿಯುಐಡಿ ಪಾರ್ಟಿಷನ್ ಅನ್ನುವುದನ್ನು ನೋಡಿ. ಎಲ್ಲವೂ ಪಟ್ಟಿಯಲ್ಲಿದೆ, ನೀವು ಬರೆದ ಹೆಸರು ಮಾತ್ರ ಅಲ್ಲಿಲ್ಲ ಅಂದರೆ ಗ್ರಬ್ ಸಾಲಿನಲ್ಲಿ ರೂಟ್ ಹೆಸರು ತಿದ್ದಿದರೆ ಸಾಕು. ಕಂಪೈಲ್ ಬೇಡ.

ಹೆಸರಿನ ವಿಷಯದಲ್ಲಿ ಒಂದು ದೊಡ್ಡ ಗೊಂದಲ ಇದೆ. ದೊಡ್ಡ ಡಿಸ್ಟ್ರೋಗಳಲ್ಲಿ ‘ರೂಟ್=ಯುಯುಐಡಿ=’ ಅಂತ ನೋಡಿ ಅಭ್ಯಾಸ ಆಗಿರುತ್ತದೆ, ಅದನ್ನೇ ಇಲ್ಲೂ ಬರೆಯುತ್ತೇವೆ. ಅಲ್ಲಿ ಅದನ್ನು ಅರ್ಥ ಮಾಡಿಕೊಳ್ಳುವುದು ಕರ್ನಲ್ ಅಲ್ಲ, ಅದರ ಜೊತೆ ಮೆಮೊರಿಗೆ ಬಂದು ರೂಟ್ ಹುಡುಕಿಕೊಡುವ ಸಣ್ಣ ತಾತ್ಕಾಲಿಕ ಸಿಸ್ಟಮ್ ಆದ ಇನಿಟ್‌ರ‍್ಯಾಮ್‌ಎಫ್‌ಎಸ್. ನೀವು ಇನಿಟ್‌ರ‍್ಯಾಮ್‌ಎಫ್‌ಎಸ್ ಇಲ್ಲದೆ ಕಟ್ಟಿದ್ದರೆ ಬರೀ ಕರ್ನಲ್‌ಗೆ ಫೈಲ್‌ಸಿಸ್ಟಮ್‌ನ ಯುಯುಐಡಿ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಪಾರ್ಟ್‌ಯುಯುಐಡಿ, ಅಂದರೆ ಪಾರ್ಟಿಷನ್ ಪಟ್ಟಿಯಲ್ಲಿ ಬರೆದಿರುವ ಗುರುತು. ಲೈವ್ ಯುಎಸ್‌ಬಿಯಲ್ಲಿ ‘ಬಿಎಲ್‌ಕೆಐಡಿ’ ಓಡಿಸಿದರೆ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಗ್ರಬ್‌ನ ಸರ್ಚ್ ಆಜ್ಞೆಗೆ ಯುಯುಐಡಿ, ಕರ್ನಲ್‌ನ ರೂಟ್‌ಗೆ ಪಾರ್ಟ್‌ಯುಯುಐಡಿ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ (0,0) ಗ್ಯಾರಂಟಿ.

ಇನ್ನು ಡ್ರೈವರ್. ಯಾವ ಡ್ರೈವರ್ ಬೇಕು ಅಂತ ಊಹೆ ಮಾಡಬೇಡಿ. ಲೈವ್ ಯುಎಸ್‌ಬಿಯಲ್ಲಿ ಬೂಟ್ ಆದಾಗ ಅದರ ಕರ್ನಲ್ ನಿಮ್ಮ ಡಿಸ್ಕ್ ಅನ್ನು ಓದುತ್ತಿದೆ, ಅಲ್ವಾ? ಯಾವ ಡ್ರೈವರ್‌ನಿಂದ ಓದುತ್ತಿದೆ ಅಂತ ಅದನ್ನೇ ಕೇಳಿ. ‘ಎಲ್‌ಎಸ್‌ಪಿಸಿಐ -ಕೆ’ ಓಡಿಸಿದರೆ ಪ್ರತಿ ಸಾಧನದ ಕೆಳಗೆ ಬಳಕೆಯಲ್ಲಿರುವ ಡ್ರೈವರ್ ಹೆಸರು ಬರುತ್ತದೆ. ಸಾಟಾ ಡಿಸ್ಕ್ ಆದರೆ ಸಾಮಾನ್ಯವಾಗಿ ಎಎಚ್‌ಸಿಐ, ಅದರ ಜೊತೆಗೆ ಸ್ಕಜಿ ಡಿಸ್ಕ್ ಬೆಂಬಲವೂ ಬೇಕು, ಏಕೆಂದರೆ ಎಸ್‌ಡಿಎ ಅನ್ನುವ ಹೆಸರು ಹುಟ್ಟುವುದು ಅಲ್ಲಿಂದ. ಎನ್‌ವಿಎಂಇ ಆದರೆ ಎನ್‌ವಿಎಂಇ ಬ್ಲಾಕ್ ಡಿವೈಸ್. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡಿಸ್ಕ್ ವಿಎಂಡಿ ಅನ್ನುವ ಇನ್ನೊಂದು ಪದರದ ಹಿಂದೆ ಅಡಗಿರುತ್ತದೆ. ಅಲ್ಲಿ ವಿಎಂಡಿ ಡ್ರೈವರ್ ಕೂಡ ಹಾಕಬೇಕು, ಅಥವಾ ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಬೇಕು. ಅದೇ ಡಿಸ್ಕ್‌ನಲ್ಲಿ ವಿಂಡೋಸ್ ಇದ್ದರೆ ಆಫ್ ಮಾಡುವ ಮೊದಲು ಯೋಚಿಸಿ, ಅದು ಆಮೇಲೆ ಏಳದೆ ಹೋಗಬಹುದು. ವರ್ಚುವಲ್ ಯಂತ್ರದಲ್ಲಿ ಡಿಸ್ಕ್ ವಿಡಿಎ ಅಂತ ಬರುವ ಹಾಗಿದ್ದರೆ ವರ್ಟಿಯೋ ಬ್ಲಾಕ್ ಮತ್ತು ವರ್ಟಿಯೋ ಪಿಸಿಐ ಎರಡೂ ಬೇಕು. ಯುಎಸ್‌ಬಿ ಡಿಸ್ಕ್ ಮೇಲೆ ಕಟ್ಟಿದ್ದರೆ ಡ್ರೈವರ್ ಇದ್ದರೂ ಡಿಸ್ಕ್ ಏಳುವುದು ಒಂದೆರಡು ಸೆಕೆಂಡ್ ತಡ, ಅಷ್ಟರಲ್ಲಿ ಕರ್ನಲ್ ಹುಡುಕಿ ಕೈಚೆಲ್ಲಿರುತ್ತದೆ. ಗ್ರಬ್ ಸಾಲಿಗೆ ‘ರೂಟ್‌ವೇಟ್’ ಅಂತ ಒಂದು ಪದ ಸೇರಿಸಿ ನೋಡಿ.

ಇವೆಲ್ಲವೂ ಮೆನುಕಾನ್ಫಿಗ್‌ನಲ್ಲಿ ನಕ್ಷತ್ರವಾಗಿ ಕಾಣಬೇಕು, ‘ಎಂ’ ಆಗಿ ಅಲ್ಲ. ಎಂ ಅಂದರೆ ಮಾಡ್ಯೂಲ್. ಮಾಡ್ಯೂಲ್ ಫೈಲ್ ಇರುವುದು ರೂಟ್ ಪಾರ್ಟಿಷನ್‌ನಲ್ಲಿ. ರೂಟ್ ಓದಲು ಡ್ರೈವರ್ ಬೇಕು, ಡ್ರೈವರ್ ತರಲು ರೂಟ್ ಓದಬೇಕು. ಬೀಗದ ಕೈಯನ್ನು ಪೆಟ್ಟಿಗೆ ಒಳಗಿಟ್ಟು ಬೀಗ ಹಾಕಿದ ಹಾಗೆ. ಡಿಸ್ಕ್ ಕಂಟ್ರೋಲರ್, ಡಿಸ್ಕ್, ಪಾರ್ಟಿಷನ್ ಪಟ್ಟಿ, ಫೈಲ್‌ಸಿಸ್ಟಮ್, ಈ ಸಾಲಿನಲ್ಲಿ ಒಂದೂ ಎಂ ಆಗಿರಬಾರದು. ಎಂ ಆಗಿಯೇ ಇರಬೇಕು ಅಂದರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಮಾಡಿಕೊಳ್ಳಿ.

ಇಷ್ಟಾದರೂ ತಪ್ಪು ಕರ್ನಲ್‌ನದೋ ಅಲ್ಲವೋ ಅಂತ ಅನುಮಾನ ಇದ್ದರೆ ಒಂದು ಅದಲುಬದಲು ಮಾಡಿ. ಹೋಸ್ಟ್ ಸಿಸ್ಟಮ್‌ನ ಕರ್ನಲ್ ಮತ್ತು ಅದರ ಇನಿಟ್‌ರ‍್ಯಾಮ್‌ಎಫ್‌ಎಸ್ ಎರಡನ್ನೂ ತಂದು ಅದರಿಂದ ನಿಮ್ಮ ರೂಟ್ ಅನ್ನು ಬೂಟ್ ಮಾಡಿ. ಅದು ರೂಟ್ ಮೌಂಟ್ ಮಾಡಿ ಲಾಗಿನ್‌ವರೆಗೆ ಹೋಯಿತು ಅಂದರೆ ನೀವು ಕಟ್ಟಿದ ಸಿಸ್ಟಮ್ ಸರಿಯಾಗಿದೆ, ಕರ್ನಲ್ ಕಾನ್ಫಿಗ್ ಮಾತ್ರ ತಿದ್ದಬೇಕು. ನನಗೆ ಈ ಪರೀಕ್ಷೆ ಕಂಡರೆ ತುಂಬಾ ಇಷ್ಟ. ಐದು ನಿಮಿಷದ ಕೆಲಸ, ಆದರೆ ಹುಡುಕಬೇಕಾದ ಜಾಗವನ್ನು ಅರ್ಧಕ್ಕೆ ಇಳಿಸುತ್ತದೆ.

ಓಡುತ್ತಿರುವುದು ನೀವು ಕಟ್ಟಿದ ಕರ್ನಲ್ ತಾನೇ?

ಈಗ ನನ್ನ ಕತೆ. (0,0) ಬಂತು. ಎನ್‌ವಿಎಂಇ ಎಂ ಆಗಿತ್ತು, ನಕ್ಷತ್ರ ಮಾಡಿ ಕಂಪೈಲ್ ಮಾಡಿ ನಕಲು ಮಾಡಿದೆ. ಮತ್ತೆ (0,0). ಎಕ್ಸ್ಟ್4 ನೋಡಿದೆ, ಜಿಪಿಟಿ ನೋಡಿದೆ, ಎಲ್ಲ ಸರಿ ಇತ್ತು, ಸಿಕ್ಕಿದ್ದೆಲ್ಲ ನಕ್ಷತ್ರ ಮಾಡಿ ಮತ್ತೆ ಕಂಪೈಲ್ ಮಾಡಿದೆ. ಅದೇ. ನಾಲ್ಕನೇ ಸಲವೂ ಒಂದಕ್ಷರ ಬದಲಾಗದೆ ಅದೇ ಪ್ಯಾನಿಕ್ ಬಂದಾಗ ವಿಡಿಯೋ ನಿಲ್ಲಿಸಿ ಪ್ರತಿ ಸಾಲೂ ಓದಿದೆ. ಪ್ಯಾನಿಕ್‌ನ ಕೆಳಗೆ ಸಿಪಿಯು, ಪಿಐಡಿ ಅಂತ ಬರುವ ಸಾಲಿನಲ್ಲಿ ಕರ್ನಲ್ ಆವೃತ್ತಿ ಇರುತ್ತದೆ, ಅದರ ಮುಂದೆ ಒಂದು ಸಂಖ್ಯೆ. ನನ್ನದರಲ್ಲಿ #1 ಅಂತಿತ್ತು. ಆ ಸಂಖ್ಯೆ ಪ್ರತಿ ಸಲ ಕಟ್ಟಿದಾಗಲೂ ಒಂದು ಏರುತ್ತದೆ. ನಾಲ್ಕು ಸಲ ಕಟ್ಟಿದ ಮೇಲೆ ಅಲ್ಲಿ #4 ಇರಬೇಕಿತ್ತು.

ಅಂದರೆ ಹೊಸ ಕರ್ನಲ್ ಒಂದು ಸಲವೂ ಓಡಿರಲೇ ಇಲ್ಲ. ಬೂಟ್ ಬೇರೆ ಪಾರ್ಟಿಷನ್‌ನಲ್ಲಿತ್ತು. ಮೊದಲ ಸಲ ಅದನ್ನು ಮೌಂಟ್ ಮಾಡಿದ್ದೆ. ಆಮೇಲೆ ರೀಬೂಟ್ ಆಗಿ ಸಿಎಚ್‌ರೂಟ್‌ಗೆ ಬಂದಾಗಲೆಲ್ಲ ರೂಟ್ ಮಾತ್ರ ಮೌಂಟ್ ಮಾಡಿದ್ದೆ. ಹಾಗಾಗಿ ಹೊಸ ಕರ್ನಲ್ ಹೋಗಿ ಕೂತಿದ್ದು ರೂಟ್ ಪಾರ್ಟಿಷನ್‌ನ ಖಾಲಿ /ಬೂಟ್ ಡೈರೆಕ್ಟರಿಯಲ್ಲಿ. ಗ್ರಬ್ ಓದುತ್ತಿದ್ದದ್ದು ಬೇರೆ ಪಾರ್ಟಿಷನ್‌ನ ಹಳೇ ಫೈಲನ್ನು. ಎನ್‌ವಿಎಂಇ ನಕ್ಷತ್ರ ಮಾಡಿದ ಎರಡನೇ ಕರ್ನಲ್ಲೇ ಸರಿಯಾಗಿತ್ತು, ಅದು ಗ್ರಬ್‌ಗೆ ತಲುಪಲಿಲ್ಲ ಅಷ್ಟೇ.

ಅವತ್ತಿನಿಂದ ಯಾವ ತಿದ್ದುಪಡಿ ಮಾಡಿದರೂ ಮೊದಲು ನೋಡುವುದು ಆ ಸಂಖ್ಯೆ. ಬೂಟ್‌ನ ಮೊದಲ ಸಾಲು ‘ಲಿನಕ್ಸ್ ವರ್ಶನ್’ ಅಂತ ಶುರುವಾಗುತ್ತದೆ, ಅದರ ಕೊನೆಯಲ್ಲಿ ಈ ಸಂಖ್ಯೆಯೂ ಇದೆ, ಕಟ್ಟಿದ ದಿನಾಂಕ ಸಮಯವೂ ಇದೆ. ‘ಮೇಕ್ ಎಂಆರ್‌ಪ್ರಾಪರ್’ ಮಾಡಿದರೆ ಎಣಿಕೆ ಮತ್ತೆ 1ರಿಂದ ಶುರುವಾಗುತ್ತದೆ, ಆಗ ಸಮಯ ನೋಡಿ. ಕಾನ್ಫಿಗ್‌ನಲ್ಲಿ ‘ಲೋಕಲ್ ವರ್ಶನ್’ ಅನ್ನುವ ಜಾಗದಲ್ಲಿ ಪ್ರತಿ ಪ್ರಯತ್ನಕ್ಕೂ ಒಂದು ಗುರುತು ಬರೆಯುವುದು ಇನ್ನೂ ಒಳ್ಳೆಯದು, ಆದರೆ ಅದನ್ನು ಬದಲಿಸಿದರೆ ಮಾಡ್ಯೂಲ್‌ಗಳನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಕು.

ರೂಟ್ ಮೌಂಟ್ ಆಯಿತು, ಇನಿಟ್ ಓಡಲಿಲ್ಲ

‘ನೋ ವರ್ಕಿಂಗ್ ಇನಿಟ್ ಫೌಂಡ್’ ಅಂತ ಬಂದರೆ ಕರ್ನಲ್ /ಎಸ್‌ಬಿನ್/ಇನಿಟ್, /ಇಟಿಸಿ/ಇನಿಟ್, /ಬಿನ್/ಇನಿಟ್, /ಬಿನ್/ಎಸ್‌ಎಚ್ ನಾಲ್ಕನ್ನೂ ಇದೇ ಕ್ರಮದಲ್ಲಿ ಹುಡುಕಿ ಸೋತಿದೆ. ಮೊದಲು ನೋಡಬೇಕಾದ್ದು, ಮೌಂಟ್ ಆಗಿರುವುದು ನಿಮ್ಮ ರೂಟೇ ಹೌದಾ, ಅಥವಾ ಹೋಮ್ ಪಾರ್ಟಿಷನ್ ಮೌಂಟ್ ಆಗಿಬಿಟ್ಟಿದೆಯಾ ಅಂತ.

ಗ್ರಬ್ ಸಾಲಿನಲ್ಲಿ ‘ಇನಿಟ್=/ಬಿನ್/ಬ್ಯಾಷ್’ ಕೊಟ್ಟು ನೋಡಿ. ಬ್ಯಾಷ್ ಬಂದರೆ ಒಳಗೆ ಕೂತೇ ಸರಿ ಮಾಡಬಹುದು. ಬರದಿದ್ದರೆ ಕರ್ನಲ್ ಒಂದು ಎರರ್ ಸಂಖ್ಯೆ ಹೇಳುತ್ತದೆ. ಎರರ್ -2 ಅಂದರೆ ಫೈಲ್ ಇಲ್ಲ ಅಂತ. ಆದರೆ ಲೈವ್ ಯುಎಸ್‌ಬಿಯಿಂದ ನೋಡಿದರೆ ಫೈಲ್ ಕಣ್ಣೆದುರಿಗೇ ಇರುತ್ತದೆ! ಆಗ ಇಲ್ಲದಿರುವುದು ಬ್ಯಾಷ್ ಅಲ್ಲ, ಬ್ಯಾಷ್ ಅನ್ನು ಮೆಮೊರಿಗೆ ತರುವ ಡೈನಮಿಕ್ ಲಿಂಕರ್. 64 ಬಿಟ್ ಯಂತ್ರದಲ್ಲಿ ಅದು /ಲಿಬ್64 ಒಳಗಿರುವ ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಓ.2. ಆ ಹೆಸರಿನ ಲಿಂಕ್ ಮುರಿದಿದ್ದರೂ ಕರ್ನಲ್ -2 ಅಂತಲೇ ಹೇಳುತ್ತದೆ. ಎರರ್ -8 ಬಂದರೆ ಫೈಲ್ ಇದೆ, ಅದು ಈ ಕರ್ನಲ್ ಓಡಿಸಬಲ್ಲ ರೂಪದಲ್ಲಿಲ್ಲ. ಇನಿಟ್ ಅನ್ನುವುದು ಸ್ಕ್ರಿಪ್ಟ್ ಆಗಿದ್ದು ಮೊದಲ ಸಾಲಿನ ‘#!’ ಬಿಟ್ಟುಹೋಗಿದ್ದರೂ, 64 ಬಿಟ್ ಕರ್ನಲ್‌ನಲ್ಲಿ 32 ಬಿಟ್ ಬೆಂಬಲ ಬಿಟ್ಟು 32 ಬಿಟ್ ಪ್ರೋಗ್ರಾಮ್ ಕಟ್ಟಿದ್ದರೂ ಇದೇ ಬರುತ್ತದೆ.

ಇನಿಟ್ ಶುರುವಾಗಿ ತಕ್ಷಣ ಸತ್ತರೆ ಸಂದೇಶ ಬೇರೆ. ‘ಅಟೆಂಪ್ಟೆಡ್ ಟು ಕಿಲ್ ಇನಿಟ್’ ಅಂತ ಬಂದು ಪಕ್ಕದಲ್ಲಿ ಎಕ್ಸಿಟ್‌ಕೋಡ್ ಇರುತ್ತದೆ. ಅದು 0x00007f00 ಆಗಿದ್ದರೆ 7f ಅಂದರೆ 127, ಯಾವುದೋ ಒಂದು ಲೈಬ್ರರಿ ಸಿಗದೆ ಲಿಂಕರ್ ಕೈಬಿಟ್ಟಿದೆ. ಮೇಲಿನ ಸಾಲಿನಲ್ಲಿ ಯಾವ ಲೈಬ್ರರಿ ಅಂತ ಹೆಸರೂ ಇರುತ್ತದೆ. ಕೊನೆಯಲ್ಲಿ 0b ಇದ್ದರೆ ಸೆಗ್‌ಫಾಲ್ಟ್, ಗ್ಲಿಬ್‌ಸಿ ಕಟ್ಟಿದ್ದರಲ್ಲೇ ಏನೋ ಎಡವಟ್ಟಾಗಿದೆ. ಕೊನೆಯಲ್ಲಿ 04 ಇದ್ದರೆ ಪ್ರೊಸೆಸರ್‌ಗೆ ಗೊತ್ತಿಲ್ಲದ ಆಜ್ಞೆ. ಜೋರಾದ ಯಂತ್ರದಲ್ಲಿ ‘-ಮಾರ್ಚ್=ನೇಟಿವ್’ ಹಾಕಿ ಕಟ್ಟಿ, ಡಿಸ್ಕ್ ತೆಗೆದು ಹಳೇ ಯಂತ್ರಕ್ಕೆ ಹಾಕಿದಾಗ ಹೀಗಾಗುತ್ತದೆ. ಇಲ್ಲಿ ಮಾತ್ರ ಮತ್ತೆ ಕಟ್ಟದೆ ಬೇರೆ ದಾರಿ ಇಲ್ಲ, ಕ್ಷಮಿಸಿ.

‘ಅನೇಬಲ್ ಟು ಓಪನ್ ಆ್ಯನ್ ಇನಿಷಿಯಲ್ ಕನ್ಸೋಲ್’ ಅಂತ ಎಚ್ಚರಿಕೆ ಕಂಡರೆ, ಸಾಧನಗಳ /ಡೆವ್ ಅನ್ನು ತುಂಬಲು, ಕರ್ನಲ್‌ನಲ್ಲಿ ಡೆವ್‌ಟಿಎಂಪಿಎಫ್‌ಎಸ್ ಮತ್ತು ಅದನ್ನು ತಾನಾಗಿಯೇ ಮೌಂಟ್ ಮಾಡುವ ಆಯ್ಕೆ ಎರಡನ್ನೂ ಆನ್ ಮಾಡಿ.

ಪರದೆ ಕಪ್ಪು

ಗ್ರಬ್ ಬಂತು, ಎಂಟರ್ ಒತ್ತಿದಿರಿ, ಆಮೇಲೆ ಏನೂ ಇಲ್ಲ. ಮೊದಲು ಕೇಳಿಕೊಳ್ಳಬೇಕಾದ್ದು, ಯಂತ್ರ ನಿಂತಿದೆಯಾ ಅಥವಾ ಪರದೆ ಮಾತ್ರ ಕಾಣುತ್ತಿಲ್ಲವಾ? ಅರ್ಧ ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಕರ್ನಲ್ ಬದುಕಿದೆ, ಬಹುಶಃ ಲಾಗಿನ್ ಕೂಡ ಬಂದಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ. ಲ್ಯಾಪ್‌ಟಾಪ್‌ನಲ್ಲಿ ಆ ದೀಪ ತಾನಾಗಿಯೇ ಮಿಟುಕುತ್ತಿದ್ದರೆ ಕಪ್ಪು ಪರದೆ ಹಿಂದೆ ಪ್ಯಾನಿಕ್ ಆಗಿದೆ.

ಪರದೆ ಮಾತ್ರ ಹೋಗಿದ್ದರೆ ‘ನೋಮೋಡ್‌ಸೆಟ್’ ಕೊಟ್ಟು ನೋಡಿ. ಯುಇಎಫ್‌ಐ ಯಂತ್ರದಲ್ಲಿ ಫರ್ಮ್‌ವೇರ್ ಕೊಟ್ಟ ಫ್ರೇಮ್‌ಬಫರ್ ಬಳಸುವ ಸಿಂಪಲ್‌ಡಿಆರ್‌ಎಂ ಮತ್ತು ಫ್ರೇಮ್‌ಬಫರ್ ಕನ್ಸೋಲ್ ಎರಡೂ ಕರ್ನಲ್ ಒಳಗೇ ಇರಬೇಕು, ಹಳೇ ವಿಜಿಎ ಕನ್ಸೋಲ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಎಂಡಿ ಗ್ರಾಫಿಕ್ಸ್ ಡ್ರೈವರ್ ಅನ್ನು ಎಂ ಮಾಡದೆ ನಕ್ಷತ್ರ ಮಾಡಿದ್ದರೆ ಇನ್ನೊಂದು ತೊಡಕು. ಡ್ರೈವರ್ ಏಳುವ ಹೊತ್ತಿಗೆ ರೂಟ್ ಮೌಂಟ್ ಆಗಿರುವುದಿಲ್ಲ, ಅದಕ್ಕೆ ಬೇಕಾದ ಫರ್ಮ್‌ವೇರ್ ಫೈಲ್ ಸಿಗುವುದಿಲ್ಲ. ಡಿಸ್ಕ್ ಡ್ರೈವರ್‌ಗೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಗ್ರಾಫಿಕ್ಸ್ ಅನ್ನು ಮಾಡ್ಯೂಲ್ ಆಗಿಯೇ ಬಿಡುವುದು ಸುಲಭ.

ಇದ್ಯಾವುದೂ ಕೈಗೂಡದಿದ್ದರೆ ‘ಅರ್ಲಿಕಾನ್=ಇಎಫ್‌ಐಎಫ್‌ಬಿ’ ಕೊಟ್ಟು ನೋಡಿ. ಅದರ ಬೆಂಬಲ ಕರ್ನಲ್‌ನಲ್ಲಿ ಇದ್ದರೆ ತುಂಬಾ ಮೊದಲಿನ ಸಾಲುಗಳೂ ಪರದೆಗೆ ಬರುತ್ತವೆ. ವರ್ಚುವಲ್ ಯಂತ್ರವಾದರೆ ‘ಕನ್ಸೋಲ್=ಟಿಟಿವೈಎಸ್0’ ಕೊಟ್ಟು ಎಲ್ಲವನ್ನೂ ಸೀರಿಯಲ್‌ಗೆ ಹರಿಸಿ ಫೈಲ್‌ನಲ್ಲಿ ಹಿಡಿದುಕೊಳ್ಳಿ, ವಿಡಿಯೋ ಮಾಡುವ ಕಷ್ಟವೂ ಇಲ್ಲ.

ಕೊನೆಯ ಮೆಟ್ಟಿಲಲ್ಲಿ

ಇನಿಟ್ ಓಡಿತು, ಸ್ಕ್ರಿಪ್ಟ್‌ಗಳು ಶುರುವಾದವು, ಮಧ್ಯದಲ್ಲಿ ನಿಂತಿತು ಅಂದರೆ ನನ್ನ ಮೊದಲ ಅನುಮಾನ, ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಮೇಲೆ. ಅದರಲ್ಲಿ ಒಂದು ಸಾಲು ತಪ್ಪಿದ್ದರೂ, ನೀವು ಇನಿಟ್ ಆಗಿ ಹಾಕಿದ ಸಿಸ್ಟಮ್‌ಡಿ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ. ಸಿಸ್‌ವಿಇನಿಟ್ ಆದರೆ ಫೈಲ್‌ಸಿಸ್ಟಮ್ ತಪಾಸಣೆಯ ಸ್ಕ್ರಿಪ್ಟ್ ಹತ್ತಿರ ನಿಲ್ಲುತ್ತದೆ. ಇಲ್ಲದಿದ್ದರೂ ನಡೆಯುವ ಪಾರ್ಟಿಷನ್‌ಗಳಿಗೆ ‘ನೋಫೇಲ್’ ಸೇರಿಸಿ.

‘ಇನಿಟ್=/ಬಿನ್/ಬ್ಯಾಷ್’ ಮೂಲಕ ಒಳಗೆ ಬಂದರೆ ರೂಟ್ ಬರೀ ಓದಲು ಮಾತ್ರ ಮೌಂಟ್ ಆಗಿರುತ್ತದೆ. ಎಡಿಟ್ ಮಾಡುವ ಮೊದಲು ಹೀಗೆ ಕೊಡಿ:

ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ /

ಇಲ್ಲಿ ‘-ಓ’ ಸಣ್ಣಕ್ಷರ. ಕೆಲಸ ಮುಗಿದ ಮೇಲೆ ‘ಎಕ್ಸಿಟ್’ ಅಂತ ಹೊಡೆಯಬೇಡಿ, ಅಲ್ಲಿ ಬ್ಯಾಷ್ ಅನ್ನುವುದೇ ಇನಿಟ್, ಅದು ಹೊರಟರೆ ಮತ್ತೆ ಪ್ಯಾನಿಕ್. ‘ಸಿಂಕ್’ ಕೊಟ್ಟು, ರೂಟ್ ಅನ್ನು ಮತ್ತೆ ‘ಆರ್‌ಓ’ ಮಾಡಿ, ಆಮೇಲೆ ‘ರೀಬೂಟ್ -ಎಫ್’.

‘ರೀಸ್ಪಾನಿಂಗ್ ಟೂ ಫಾಸ್ಟ್’ ಅಂತ 5 ನಿಮಿಷಕ್ಕೊಮ್ಮೆ ಬರುತ್ತಿದ್ದರೆ ಸಿಸ್‌ವಿಇನಿಟ್‌ನ ಸೆಟ್ಟಿಂಗ್ ಫೈಲ್ ಆದ ಇನಿಟ್‌ಟ್ಯಾಬ್‌ನಲ್ಲಿ ಬರೆದಿರುವ, ಲಾಗಿನ್ ಕೊಡುವ ಎಗೆಟಿಯ ಪಾತ್ ನೋಡಿ. ‘ಎಂಟರ್ ರನ್‌ಲೆವೆಲ್’ ಅಂತ ಕೇಳಿದರೆ ಇನಿಟ್‌ಟ್ಯಾಬ್ ಫೈಲ್ ಬರೆಯುವುದನ್ನೇ ಮರೆತಿದ್ದೀರಿ.

ಲಾಗಿನ್ ಬಂತು, ಕೀಬೋರ್ಡ್ ಸತ್ತಿದೆ. ಗ್ರಬ್‌ನಲ್ಲಿ ಕೆಲಸ ಮಾಡಿದ ಕೀಬೋರ್ಡ್ ಇಲ್ಲಿ ಯಾಕಿಲ್ಲ? ಅಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದದ್ದು ಫರ್ಮ್‌ವೇರ್, ಇಲ್ಲಿ ಕರ್ನಲ್ ನೋಡಿಕೊಳ್ಳಬೇಕು. ಯುಎಸ್‌ಬಿ ಕೀಬೋರ್ಡ್‌ಗೆ ಎಕ್ಸ್‌ಎಚ್‌ಸಿಐ, ಯುಎಸ್‌ಬಿ ಎಚ್‌ಐಡಿ ಮತ್ತು ಜೆನೆರಿಕ್ ಎಚ್‌ಐಡಿ ಮೂರೂ ಬೇಕು. ಅವು ಎಂ ಆಗಿದ್ದರೆ ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’ ಮಾಡಿದ್ದೀರಾ, /ಲಿಬ್/ಮಾಡ್ಯೂಲ್ಸ್ ಒಳಗಿನ ಡೈರೆಕ್ಟರಿಯ ಹೆಸರು ಓಡುತ್ತಿರುವ ಕರ್ನಲ್ ಆವೃತ್ತಿಗೆ ಅಕ್ಷರಶಃ ಹೊಂದುತ್ತದೆಯಾ ನೋಡಿ.

ಕೀಬೋರ್ಡ್ ಓಡುತ್ತದೆ, ಪಾಸ್‌ವರ್ಡ್ ಮಾತ್ರ ಒಪ್ಪುತ್ತಿಲ್ಲ ಅಂದರೆ ಸಿಎಚ್‌ರೂಟ್ ಒಳಗೆ ‘ಪಾಸ್‌ಡಬ್ಲ್ಯೂಡಿ ರೂಟ್’ ಓಡಿಸುವುದು ಬಿಟ್ಟುಹೋಗಿದೆಯಾ ನೋಡಿ. ಅದನ್ನು ಕೊಟ್ಟು ಒಳಗೆ ಬಂದ ಮೇಲೆ, ಈಗ ಓಡುತ್ತಿರುವ ಕರ್ನಲ್ ಫೈಲನ್ನು ಅದರ ಕಾನ್ಫಿಗ್ ಸಮೇತ ಬೇರೆ ಹೆಸರಲ್ಲಿ ನಕಲು ಮಾಡಿ, ಗ್ರಬ್ ಮೆನುವಿನಲ್ಲಿ ಅದಕ್ಕೊಂದು ಎರಡನೇ ಸಾಲು ಬರೆದಿಡಿ. ಮುಂದಿನ ಸಲ ಕರ್ನಲ್ ಬದಲಿಸಿದಾಗ ಲೈವ್ ಯುಎಸ್‌ಬಿ ಹುಡುಕುವ ಕೆಲಸ ಇರುವುದಿಲ್ಲ.